ಮ್ಯಾಸಚೂಸೆಟ್ಸ್‌ನ ಸ್ಕ್ರ್ಯಾಚ್ ಲಾಟರಿ ಟಿಕೆಟ್: ಯಾವುದನ್ನು ಕೊಳ್ಳಬಹುದು?

1974ರಲ್ಲಿ ಕೆರೆದು ನೋಡುವ ಟಿಕೆಟನ್ನು ಮೊದಲಿಗೆ ಮಾರಾಟಕ್ಕೆ ತಂದ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಲಾಟರಿಯಲ್ಲಿ, 2023ರಿಂದ 50 ಡಾಲರ್ ಬೆಲೆಯ ಟಿಕೆಟ್ ಕೂಡ ಸಿಗುತ್ತಿದೆ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತುಹೋದ ಕಾರಣ, ಅಲ್ಲಿಂದ ಬಂದ ನಮ್ಮವರಿಗೆ ಇದರ ಲೆಕ್ಕಾಚಾರ ಅಷ್ಟಾಗಿ ಪರಿಚಿತವಲ್ಲ.

ಸಾಮಾನ್ಯವಾಗಿ ಬೆಲೆ ಹೆಚ್ಚಿದಂತೆ, ಮಾರಾಟದ ಹಣದಲ್ಲಿ ಬಹುಮಾನವಾಗಿ ಮರಳುವ ಪಾಲೂ ಹೆಚ್ಚುತ್ತದೆ. ಆದರೆ ಕೈಯಿಂದ ಹೋಗುವ ಹಣವೂ ಅಷ್ಟೇ ವೇಗವಾಗಿ ಹೋಗುತ್ತದೆ. ‘ನಾಲ್ಕರಲ್ಲಿ ಒಂದು ಗೆಲುವು’ ಎಂಬಂಥ ಮಾತನ್ನು ನಾನು ನೆಚ್ಚುವುದಿಲ್ಲ, ಏಕೆಂದರೆ ಟಿಕೆಟ್‌ನ ಬೆಲೆಯಷ್ಟೇ ಮರಳಿದರೂ ಅದನ್ನು ಗೆಲುವೆಂದೇ ಎಣಿಸಲಾಗುತ್ತದೆ.

ನಿಜಕ್ಕೂ ಉಪಯುಕ್ತವಾದದ್ದು ಲಾಟರಿಯ ಜಾಲತಾಣದಲ್ಲಿರುವ ಉಳಿದ ಬಹುಮಾನಗಳ ಪಟ್ಟಿ. ದೊಡ್ಡ ಬಹುಮಾನಗಳು ಬಹುತೇಕ ಮುಗಿದ ಮೇಲೂ ಅದೇ ಟಿಕೆಟ್ ಅಂಗಡಿಯಲ್ಲಿ ಅದೇ ಬೆಲೆಗೆ ಮಾರಾಟವಾಗುತ್ತಿರಬಹುದಾದ್ದರಿಂದ, ಕೊಳ್ಳುವ ಮುನ್ನ ಆ ಪಟ್ಟಿಯನ್ನು ನೋಡಲೇಬೇಕು. ಹೊಸದಾಗಿ ಬಂದ, ದೊಡ್ಡ ಬಹುಮಾನಗಳು ಇನ್ನೂ ಉಳಿದಿರುವ 5 ಅಥವಾ 10 ಡಾಲರ್‌ನ ಒಂದೇ ಟಿಕೆಟ್ ನನ್ನ ಆಯ್ಕೆ. ಯಾವ ಟಿಕೆಟ್ ಆದರೂ ಸರಾಸರಿ ಲೆಕ್ಕದಲ್ಲಿ ಕೊಳ್ಳುವವರಿಗೆ ನಷ್ಟವೇ. ಗೆದ್ದ ಮೊತ್ತ 5,000 ಡಾಲರ್ ದಾಟಿದರೆ ಶೇಕಡಾ 24ರಷ್ಟು ಒಕ್ಕೂಟ (ಅಮೆರಿಕದ ಕೇಂದ್ರ ಸರ್ಕಾರದ) ತೆರಿಗೆಯನ್ನು ಮೊದಲೇ ಮುರಿದುಕೊಳ್ಳುತ್ತಾರೆ.