ಇಸಬು ಹತ್ತಿದ ಕೈಗೆ ಮೂರು ಟ್ಯೂಬು, ಒಂದು ಡಬ್ಬಿ

ನನ್ನ ಓಟು ಪೆಟ್ರೋಲಿಯಂ ಜೆಲ್ಲಿಯ ಡಬ್ಬಿಗೆ, ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ದಿನಕ್ಕೆ ನೂರು ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳು ನಾನು. ಅಂಗೈ, ಹಿಮ್ಮಡಿ ಎರಡೂ ಒಡೆದಿದ್ದವು. ಎಸರು ಹಾಕಿದ ಹಿಟ್ಟು ನಾದುವಾಗ ಬಿರುಕಿಗೆ ಕೆಂಡ ಇಟ್ಟಂತಾಗುತ್ತಿತ್ತು.

ಮೊದಲು ದುಡ್ಡು ಕಳೆದದ್ದು ಔಷಧಿ ಅಂಗಡಿಯವರು ಚೀಟಿ ಕೇಳದೆ ಕೊಟ್ಟ ಟ್ಯೂಬಿಗೆ. ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರದ ಔಷಧಿ ಮೂರೂ ಅದರಲ್ಲೇ. ನಾಲ್ಕು ದಿನಕ್ಕೆ ತುರಿಕೆ ಮಾಯ, ಬಿಟ್ಟ ವಾರಕ್ಕೆ ದುಪ್ಪಟ್ಟು. ಹೀಗೆ ಐದು ಟ್ಯೂಬು ಮುಗಿಸಿದ ಮೇಲೆ ಚರ್ಮದ ವೈದ್ಯರಲ್ಲಿಗೆ ಹೋದೆ. ಅವರು ಬ್ಲೇಡಿನಿಂದ ಹೊಟ್ಟು ಕೆರೆದು, ಗಾಜಿನ ಮೇಲಿಟ್ಟು ಪರೀಕ್ಷಿಸಿದರು. ಹುಳಕಡ್ಡಿಯಾಗಿದ್ದರೆ ಸ್ಟೀರಾಯ್ಡ್ ಅದರ ಗುರುತು ಮರೆಸಿ ಒಳಗೊಳಗೇ ಹಬ್ಬಿಸುತ್ತದಂತೆ. ನನ್ನದು ಇಸಬೇ.

ಯೂರಿಯಾ ಕ್ರೀಮು ದಪ್ಪಗಟ್ಟಿದ ಹಿಮ್ಮಡಿಗೆ ಚೆನ್ನ, ಬಿರುಕಿಗೆ ಉರಿ. ಅತ್ತೆ ಹೇಳಿದ ಬೇವಿನೆಣ್ಣೆಯಿಂದ ಆದದ್ದು ವಾಸನೆಯೊಂದೇ.

ಈಗಿನದು ವೈದ್ಯರು ಬರೆದ ಕ್ಲೋಬೆಟಾಸಾಲ್ ಮುಲಾಮು, ಅದರಲ್ಲಿರುವುದು ಬರೀ ಸ್ಟೀರಾಯ್ಡ್: ಎರಡು ವಾರ ದಿನವೂ, ಆಮೇಲೆ ವಾರಕ್ಕೆ ಎರಡೇ ದಿನ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಒಳಗೂ ಹೊರಗೂ ಅಷ್ಟೇ ಸಾಕು. ಮೊದಲು ನಾನು ಟೂತ್‌ಪೇಸ್ಟಿನಂತೆ ಹಿಂಡುತ್ತಿದ್ದೆ! ಉಳಿದ ಹೊತ್ತೆಲ್ಲ ಜೆಲ್ಲಿ, ಕೈ ತೊಳೆದಾಗಲೆಲ್ಲ.

ನನ್ನನ್ನು ಸತಾಯಿಸಿದ್ದು ಮಾತ್ರ ಔಷಧಿಯಲ್ಲ, ಕೈಗವಸು. ಪಾತ್ರೆ ತಿಕ್ಕಲು ರಬ್ಬರಿನದು ತಂದೆ. ಹತ್ತೇ ನಿಮಿಷಕ್ಕೆ ಒಳಗೆ ಬೆವರು, ಬೆವರಿಗೆ ತುರಿಕೆ. ಒಳಗೆ ಹತ್ತಿಯದು ಹಾಕಿಕೊಳ್ಳಿ ಎಂದರು ವೈದ್ಯರು. ಹತ್ತಿಯ ಕೈಗವಸಿಗಾಗಿ ದುರ್ಗದಬೈಲಿನಲ್ಲಿ ಎಷ್ಟು ಅಂಗಡಿ ಹತ್ತಿಳಿದೆನೋ! ಒಬ್ಬರು ಚಳಿಗಾಲದ ಉಣ್ಣೆಯದು ತೋರಿಸಿದರು, ಇನ್ನೊಬ್ಬರು ಬೈಕಿನವರದು. ಕೊನೆಗೆ ಸಿಕ್ಕಿದ್ದು ಶಾಲೆಯ ಸಮವಸ್ತ್ರ ಮಾರುವಲ್ಲಿ, ಪರೇಡಿಗೆ ಮಕ್ಕಳು ಹಾಕುವ ಬಿಳಿಯದು. ನಾಲ್ಕು ಜೊತೆ ತಂದೆ. ಒದ್ದೆಯಾದುದನ್ನೇ ಮತ್ತೆ ಹಾಕಿಕೊಂಡರೆ ಹಾಕಿಕೊಂಡೂ ವ್ಯರ್ಥ.

ರಾತ್ರಿ ಜೆಲ್ಲಿಯ ಮೇಲೂ ಅದೇ ಬಿಳಿ ಕೈಗವಸು, ಕಾಲಿಗೆ ಹಳೆಯ ಕಾಲುಚೀಲ. ಮೊಬೈಲ್ ಮುಟ್ಟಲಾಗುವುದಿಲ್ಲ, ಹಾಗಾಗಿ ಹತ್ತಕ್ಕೇ ನಿದ್ದೆ.

ಕೈಗವಸು ಹಾಕಿಕೊಂಡು ರೊಟ್ಟಿ ಬಡಿಯಲಾಗದು, ಜೆಲ್ಲಿಯ ಕೈಯಲ್ಲೂ ಆಗದು. ರೊಟ್ಟಿ ಬಿಟ್ಟರೆ ಮನೆ ನಡೆಯದು. ಆದ್ದರಿಂದ ಬಿಟ್ಟದ್ದು ಪಾತ್ರೆಯನ್ನು. ದೊಡ್ಡ ಪರಾತವೊಂದನ್ನುಳಿದು ಎಲ್ಲವೂ ಈಗ ಮಗನ ಪಾಲಿಗೆ. ಯೂರಿಯಾ ಟ್ಯೂಬು ನನ್ನ ಕೈಕಾಲಿಗೆ ಹತ್ತು ದಿನ ಬಂದರೆ ಹೆಚ್ಚು. ಜೆಲ್ಲಿಯ ದೊಡ್ಡ ಡಬ್ಬಿ ದೀಪಾವಳಿಗೆ ತಂದದ್ದು ಸಂಕ್ರಾಂತಿಗೂ ತಳ ಕಂಡಿರಲಿಲ್ಲ.