ನಾಲ್ಕು ಕುಟುಂಬ, ಮೂರು ದಿನ: ಗಣೇಶಗುಡಿಯೋ, ಕಕ್ಕಬ್ಬೆಯೋ, ಕುದುರೆಮುಖವೋ?

ಲೆಕ್ಕ ಇಷ್ಟು: ಐದರಿಂದ ಹದಿಮೂರು ವರ್ಷದ ಮಕ್ಕಳಿರುವ ನಾಲ್ಕು ಕುಟುಂಬ, ಹದಿನಾಲ್ಕೋ ಹದಿನೈದೋ ಜನ, ಬೆಂಗಳೂರಿನಿಂದ ಹೊರಟು ಮೂರು ದಿನ. ಚಿಕ್ಕವರು ಅಳಬಾರದು, ದೊಡ್ಡವರು ಬೋರು ಅನ್ನಬಾರದು. ಇಂಥ ತಂಡಕ್ಕೆ ಸಾಮಾನ್ಯವಾಗಿ ಮೂರು ಹೆಸರು ಕೇಳಿಬರುತ್ತವೆ. ಕಾಳಿ ನದಿಯ ರಾಫ್ಟಿಂಗ್‌ಗೆ ದಾಂಡೇಲಿ ಪಕ್ಕದ ಗಣೇಶಗುಡಿ, ತಡಿಯಂಡಮೋಳ್ ಹತ್ತಲು ಕೊಡಗಿನ ಕಕ್ಕಬ್ಬೆ, ಇಲ್ಲವೇ ಕುದುರೆಮುಖ. ಮೂರನ್ನೂ ಮಕ್ಕಳ ಜೊತೆಯಲ್ಲೇ ಮಾಡಿ ನೋಡಿದವರ ಹೋಲಿಕೆ ಇದು.

ಜಾಗ ಎಷ್ಟು ಚೆಂದ ಅನ್ನುವುದನ್ನು ಇಲ್ಲಿ ಅಳತೆಗೆ ಇಟ್ಟುಕೊಂಡಿಲ್ಲ, ಮೂರೂ ಚೆಂದವೇ. ನೋಡಬೇಕಾದ್ದು ಎರಡು. ಒಂದು, ನಡುವೆ ಒಂದು ಮಗು ಕೈಚೆಲ್ಲಿದರೆ ಅಲ್ಲಿಂದಲೇ ವಾಪಸ್ ಬರಬಹುದೇ? ಎರಡು, ತಂಡವನ್ನು ಎರಡಾಗಿ ಒಡೆದು ದೊಡ್ಡ ಮಕ್ಕಳನ್ನು ಮುಂದೆ ಕಳಿಸಿ, ಚಿಕ್ಕವರನ್ನು ಬೇರೆ ಏನಾದರೂ ಆಡಿಸಬಹುದೇ? ಈ ಎರಡಕ್ಕೂ 'ಇಲ್ಲ' ಅಂತ ಉತ್ತರ ಬರುವ ಜಾಗದಲ್ಲಿ ಒಬ್ಬರಿಗೆ ಹೊಟ್ಟೆನೋವು ಬಂದರೆ ಸಾಕು, ಹದಿನೈದು ಜನರ ದಿನವೂ ಕೆಟ್ಟ ಹಾಗೆಯೇ.

ಮೊದಲು ಗಾಡಿ ಲೆಕ್ಕ

ಟೆಂಪೋ ಟ್ರಾವೆಲರ್‌ನವರು ಹೊರ ಊರಿಗೆ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಬಿಲ್ ಮಾಡುತ್ತಾರೆ. ಕಕ್ಕಬ್ಬೆಗೆ ಹೋಗಿ ಬರಲು ಸುಮಾರು 540, ಅಲ್ಲಿ ಓಡಾಡಿದ್ದು ಸೇರಿ 600 ಆಯಿತು ಅಂದುಕೊಂಡರೂ 300ರ ಲೆಕ್ಕದಲ್ಲಿ ಮೂರು ದಿನಕ್ಕೆ 900 ಕಿ.ಮೀ. ದುಡ್ಡು ಕೊಡಬೇಕು. ಗಣೇಶಗುಡಿಗೆ ನಿಜವಾಗಿಯೂ ಸಾವಿರದ ಹತ್ತಿರ ಓಡುತ್ತದೆ, ಬಿಲ್ ಕಕ್ಕಬ್ಬೆಯದಕ್ಕಿಂತ ಸ್ವಲ್ಪವೇ ಹೆಚ್ಚು. ಹಾಗಾಗಿ 'ಕೊಡಗು ಹತ್ತಿರ, ಖರ್ಚು ಕಮ್ಮಿ' ಅನ್ನುವ ಮಾತು ಗಾಡಿಯ ಮಟ್ಟಿಗೆ ಅರ್ಧ ಮಾತ್ರ ನಿಜ. ಇನ್ನೊಂದು ವಿಷಯ, ಅವರ ದಿನ ರಾತ್ರಿ 12ರಿಂದ 12ಕ್ಕೆ. ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟರೆ ಎರಡು ಗಂಟೆಗೆ ಒಂದು ಪೂರ್ತಿ ದಿನದ ಬಾಡಿಗೆ, ಮೇಲೆ ಡ್ರೈವರ್ ಬಾಟಾ. ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಹೊರಡಿ. ಮಕ್ಕಳು ಹೇಗೂ ಮೈಸೂರಿನವರೆಗೆ ನಿದ್ದೆ ಮಾಡುತ್ತಾರೆ, ಡ್ರೈವರ್ ರಾತ್ರಿಯಿಡೀ ಮಲಗಿ ಎದ್ದಿರುತ್ತಾರೆ.

12 ಸೀಟಿನ ಗಾಡಿಗೆ 12 ಜನ ಹತ್ತಿದರೆ ಬ್ಯಾಗು ಕಾಲಡಿಗೆ ಬರುತ್ತದೆ. ಹದಿನಾಲ್ಕು ಹದಿನೈದು ಜನಕ್ಕೆ 17 ಸೀಟಿನದೇ ಬೇಕು, ಹಿಂದಿನ ಸಾಲು ಬ್ಯಾಗಿಗೆ. ಆ ಸಾಲಿಗೆ ಎತ್ತಾಟ ಜಾಸ್ತಿ, ವಾಂತಿಯಾಗುವ ಮಕ್ಕಳನ್ನು ಅಲ್ಲಿ ಕೂರಿಸಲೇಬಾರದು. ಮುಂದಿನ ಎರಡು ಸಾಲು ಅವರಿಗೆ. ಬೆಳಗಿನ ತಿಂಡಿಗೆ ಇಡ್ಲಿ ಸಾಕು, ಹಾಲು ಮತ್ತು ಎಣ್ಣೆ ದೋಸೆ ಬೇಡ. ವೈದ್ಯರು ಬರೆದುಕೊಟ್ಟ ವಾಂತಿ ಮಾತ್ರೆಯನ್ನು ತಿರುವುಗಳು ಶುರುವಾದ ಮೇಲೆ ಕೊಟ್ಟರೆ ಉಪಯೋಗವಿಲ್ಲ, ಅರ್ಧ ಮುಕ್ಕಾಲು ಗಂಟೆ ಮುಂಚೆಯೇ ಕೊಡಬೇಕು.

ಗಣೇಶಗುಡಿಗೆ ರಸ್ತೆಗಿಂತ ರೈಲು ವಾಸಿ. ಬೆಂಗಳೂರಿನಿಂದ ದಾಂಡೇಲಿ ಸುಮಾರು 460 ಕಿ.ಮೀ.; ಊಟ, ತಿಂಡಿ, ಮಕ್ಕಳ 'ಸೂಸು' ನಿಲುಗಡೆ ಎಲ್ಲ ಸೇರಿ ಹತ್ತು ಹನ್ನೊಂದು ಗಂಟೆ ಹಿಡಿಯುತ್ತದೆ. ಮೂರು ದಿನದಲ್ಲಿ ಎರಡು ದಿನ ಗಾಡಿಯಲ್ಲೇ ಮುಗಿಯಿತು. ರಾತ್ರಿ ರೈಲಿನಲ್ಲಿ ಧಾರವಾಡಕ್ಕೆ ಬಂದು, ಅಲ್ಲಿಂದ ಸ್ಥಳೀಯ ಗಾಡಿ ಹಿಡಿದರೆ ದಾಂಡೇಲಿ 55 ಕಿ.ಮೀ., ಗಣೇಶಗುಡಿ ಇನ್ನೊಂದು 25. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, ದೀರ್ಘ ವಾರಾಂತ್ಯವಾದರೆ ಆ ದಿನವೇ ಕೂತು ಮಾಡಿ. ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಬರ್ತ್ ಬೇಕೆಂದರೆ ಪೂರ್ತಿ ಟಿಕೆಟ್, ಬೇಡವೆಂದರೆ ಅರ್ಧ. ರಾತ್ರಿ ಪ್ರಯಾಣಕ್ಕೆ ಅರ್ಧ ಟಿಕೆಟ್ ತೆಗೆದು ಉಳಿಸುವ ದುಡ್ಡನ್ನು ಮರುದಿನ ನಿದ್ದೆಗೆಟ್ಟ ಮಗು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಗಣೇಶಗುಡಿ: ನೀರಿಗಿಳಿದ ಮೇಲೆ ವಾಪಸ್ ಇಲ್ಲ

ಇಲ್ಲಿನ ನದಿ ಮಳೆಯನ್ನು ನಂಬಿಕೊಂಡಿಲ್ಲ, ಕರೆಂಟನ್ನು ನಂಬಿಕೊಂಡಿದೆ. ಪಕ್ಕದಲ್ಲೇ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು; ಅದರ ವಿದ್ಯುದಾಗಾರ ನೀರು ಬಿಟ್ಟಾಗ ಮಾತ್ರ ರಾಫ್ಟ್ ಓಡುವಷ್ಟು ಹರಿವು. ಹಾಗಾಗಿಯೇ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುತ್ತದೆ, ಮಳೆಗಾಲದಲ್ಲಿ ನಿಲ್ಲುತ್ತದೆ. ಬುಕ್ ಮಾಡುವಾಗ 'ಎಷ್ಟು ಗಂಟೆಗೆ' ಅನ್ನುವುದಕ್ಕಿಂತ 'ಅವತ್ತು ನೀರು ಬಿಡದಿದ್ದರೆ ಏನು' ಅಂತ ಕೇಳಿ. ಹರಿವು ಕಮ್ಮಿಯಾದರೆ ರಾಫ್ಟ್ ಬಂಡೆಗೆ ಉಜ್ಜಿಕೊಂಡು ನಿಲ್ಲುತ್ತದೆ, ಬಿಸಿಲಲ್ಲಿ ಕೂತು ಮಕ್ಕಳು ರೇಗುತ್ತಾರೆ.

ಉದ್ದದ ರಾಫ್ಟಿಂಗ್ ಸುಮಾರು 9 ಕಿ.ಮೀ., ನೀರಿನ ರಭಸ ಎರಡರಿಂದ ಮೂರನೇ ದರ್ಜೆ, ಅಂದರೆ ಮಧ್ಯಮ. ಇದಕ್ಕೆ ಸಾಮಾನ್ಯವಾಗಿ 12ರಿಂದ 14 ವರ್ಷ ದಾಟಿದವರನ್ನೇ ಹತ್ತಿಸುತ್ತಾರೆ. ಚಿಕ್ಕವರಿಗೆ ಸಣ್ಣ ದೂರದ ರಾಫ್ಟಿಂಗ್ ಇರುತ್ತದೆ, ನಿಂತ ನೀರಿನಲ್ಲಿ ಕಯಾಕ್ ಇರುತ್ತದೆ. ತಂಡ ಒಡೆಯಲು ಮೂರರಲ್ಲಿ ಇದೇ ಸುಲಭದ ಜಾಗ. ಆದರೆ ಉದ್ದದ ರಾಫ್ಟ್ ಹೊರಟಿತೆಂದರೆ ನಡುವೆ ಇಳಿಯುವ ಮಾತಿಲ್ಲ, ಎರಡೂ ಕಡೆ ಕಾಡು. 'ನಮ್ಮ ಮಗನಿಗೆ ಹನ್ನೊಂದು, ಆದರೆ ಈಜು ಬರುತ್ತೆ ಸಾರ್' ಅಂತ ವಾದ ಮಾಡುವ ಅಪ್ಪಂದಿರು ಪ್ರತಿ ವಾರಾಂತ್ಯವೂ ಸಿಗುತ್ತಾರೆ. ಈಜುಕೊಳದಲ್ಲಿ ಕಲಿತ ಈಜು ಸುಳಿ ನೀರಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ; ಅಲ್ಲಿ ತೇಲಿಸುವುದು ಮೈಗೆ ಸರಿಯಾಗಿ ಕೂತ ಲೈಫ್ ಜಾಕೆಟ್.

ಅದು ಸರಿಯಾಗಿದೆಯೇ ಎಂದು ದಡದಲ್ಲೇ ನೋಡಿಕೊಳ್ಳಬೇಕು. ಜಿಪ್ ಎಳೆದು, ಬಕಲ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿಗಿ ಮಾಡಿ. ಆಮೇಲೆ ಮಗುವಿನ ಹಿಂದೆ ನಿಂತು ಜಾಕೆಟ್ಟಿನ ಎರಡೂ ಭುಜಪಟ್ಟಿ ಹಿಡಿದು ಗಟ್ಟಿಯಾಗಿ ಮೇಲಕ್ಕೆತ್ತಿ. ಮಗು ಜಾಕೆಟ್ಟಿನ ಜೊತೆಗೇ ಮೇಲೆ ಬಂದರೆ ಸರಿ. ಜಾಕೆಟ್ ಮಾತ್ರ ಜಾರಿ ಗಲ್ಲ, ಕಿವಿಗೆ ಬಂದರೆ ಅದು ದೊಡ್ಡದು. ನೀರಿಗೆ ಬಿದ್ದಾಗಲೂ ಹಾಗೆಯೇ ಜಾರಿ ಮುಖ ಮುಚ್ಚುತ್ತದೆ. ಇನ್ನೂ ಬಿಗಿ ಮಾಡಿ ನೋಡಿ, ಆಗದಿದ್ದರೆ ಚಿಕ್ಕ ಅಳತೆ ಕೇಳಿ, ಅದೂ ಇಲ್ಲವೆಂದರೆ ಆ ಮಗು ಅವತ್ತು ಹತ್ತುವುದು ಬೇಡ. ತೊಡೆಸಂದಿಯ ಪಟ್ಟಿ ಇರುವ ಜಾಕೆಟ್ ಸಿಕ್ಕರೆ ಚಿಕ್ಕವರಿಗೆ ಅದನ್ನೇ ಹಾಕಿಸಿ. ಹೆಲ್ಮೆಟ್ಟಿನ ಅಂಚು ಹುಬ್ಬಿನ ಮೇಲೆ ಎರಡು ಬೆರಳಷ್ಟು ಇರಬೇಕು, ತಲೆ ಅಲ್ಲಾಡಿಸಿದರೆ ತಿರುಗಬಾರದು.

ಬಿದ್ದರೆ ಏನು ಮಾಡಬೇಕೆಂದು ಗೈಡ್ ಹೇಳುತ್ತಾರೆ, ಆದರೆ ಮಕ್ಕಳ ಗಮನ ಪ್ಯಾಡಲ್ ಮೇಲಿರುತ್ತದೆ. ಹಿಂದಿನ ರಾತ್ರಿ ಹಾಸಿಗೆಯ ಮೇಲೆ ಆಟವಾಗಿ ಅಭ್ಯಾಸ ಮಾಡಿಸಿ: ಅಂಗಾತ ಮಲಗು, ಕಾಲು ಹೊಳೆ ಹರಿಯುವ ಕಡೆಗೆ, ಕಾಲ್ಬೆರಳು ನೀರಿನಿಂದ ಮೇಲೆ ಕಾಣಬೇಕು, ಎದ್ದು ನಿಲ್ಲಲು ಹೋಗಬೇಡ. ನಿಲ್ಲಲು ಹೋದರೆ ಪಾದ ಬಂಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಹರಿವು ಮೈಯನ್ನು ಮುಂದಕ್ಕೆ ಮಗುಚುತ್ತದೆ; ಮೊಣಕಾಲುದ್ದದ ನೀರೂ ಅಪಾಯವಾಗುವುದು ಹೀಗೆ. ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್. ಕ್ರಾಕ್ಸ್, ಹವಾಯಿ ಚಪ್ಪಲಿ ಮೊದಲ ಅಲೆಗೇ ತೇಲಿ ಹೋಗುತ್ತವೆ. ಹತ್ತಿ ಬಟ್ಟೆ ನೆನೆದರೆ ಒಣಗುವುದಿಲ್ಲ, ಡಿಸೆಂಬರ್‌ನಲ್ಲಿ ಮಕ್ಕಳು ನಡುಗುತ್ತಾರೆ. ಕ್ರಿಕೆಟ್ ಜೆರ್ಸಿಯಂಥ ಪಾಲಿಯೆಸ್ಟರ್ ಹಾಕಿ.

ಮಧ್ಯಾಹ್ನಗಳಿಗೆ ಕವಳಾ ಗುಹೆ, ಸಿಂಥೇರಿ ಬಂಡೆ ಇವೆ. ದಾಂಡೇಲಿ ಟಿಂಬರ್ ಡಿಪೋ ಸುತ್ತ ಬೆಳಿಗ್ಗೆ ಮಂಗಟ್ಟೆ ಹಕ್ಕಿ ನೋಡಲು ಎದ್ದ ಮಕ್ಕಳು, ರಾಫ್ಟಿಂಗ್ ಮರೆತರೂ ಅದನ್ನು ಮರೆಯುವುದಿಲ್ಲ.

ಕಕ್ಕಬ್ಬೆ: ಎಲ್ಲಿ ಬೇಕಾದರೂ ತಿರುಗಬಹುದು

ತಡಿಯಂಡಮೋಳ್ 1748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ನಾಲ್ಕುನಾಡು ಅರಮನೆ ಕಡೆಯಿಂದ ಸುಮಾರು 7 ಕಿ.ಮೀ. ಹತ್ತು. ಮೊದಲ ಭಾಗ ಅಗಲವಾದ ಜೀಪು ದಾರಿ, ಆಮೇಲೆ ಹುಲ್ಲುಗಾವಲು, ಶೋಲಾ ಕಾಡು (ಬೆಟ್ಟದ ಮಡಿಲಿನ ದಟ್ಟ ಕಾಡು), ಕೊನೆಗೆ ಕಡಿದಾದ ಏರು. ಈ ಕೊನೆಯ ಏರನ್ನು ಬಿಟ್ಟರೂ ನೋಟಕ್ಕೆ ಹೆಚ್ಚೇನೂ ಮೋಸವಿಲ್ಲ. ಮಕ್ಕಳಿರುವ ತಂಡಕ್ಕೆ ಇದಕ್ಕಿಂತ ಒಳ್ಳೆಯ ಗುಣ ಬೆಟ್ಟಕ್ಕೆ ಇರಲಾರದು. ಆರು ವರ್ಷದವರನ್ನು ಶೋಲಾ ಕಾಡಿನ ಮುಂಚೆಯೇ ಇಬ್ಬರು ದೊಡ್ಡವರ ಜೊತೆ ನಿಲ್ಲಿಸಿದರೆ, ಅವರಿಗೂ ಬೆಟ್ಟ ಹತ್ತಿದ ಸಮಾಧಾನ ಸಿಗುತ್ತದೆ, ಉಳಿದವರು ತುದಿ ನೋಡಿ ಬರುತ್ತಾರೆ.

ಸಮಯ ಹಾಕುವಾಗ ದೊಡ್ಡವರ ಲೆಕ್ಕ ಬಿಡಿ. ಏಳೆಂಟು ವರ್ಷದವರು ಏರಿನಲ್ಲಿ, ನಿಲ್ಲುವುದೂ ಸೇರಿ, ಗಂಟೆಗೆ ಒಂದೂವರೆ ಕಿ.ಮೀ. ನಡೆದರೆ ಚೆನ್ನಾಗಿ ನಡೆದರು ಅಂತಲೇ ಅರ್ಥ. ಹತ್ತಲು ನಾಲ್ಕೂವರೆಯಿಂದ ಐದು ಗಂಟೆ, ಇಳಿಯಲು ಮೂರು. ಬೆಳಿಗ್ಗೆ ಆರೂವರೆಗೆ ಹೆಜ್ಜೆ ಹಾಕಿದರೆ ಮಧ್ಯಾಹ್ನ ಮೂರಕ್ಕೆ ಕೆಳಗೆ. ಹನ್ನೊಂದೂವರೆಗೆ ಎಲ್ಲಿದ್ದರೆ ಅಲ್ಲಿಂದ ತಿರುಗುವುದು ಎಂದು ಹಿಂದಿನ ರಾತ್ರಿಯೇ ಎಲ್ಲರೂ ಒಪ್ಪಿಕೊಂಡಿರಬೇಕು. ಬೆಟ್ಟದ ಮೇಲೆ ನಿಂತು ಚರ್ಚೆ ಮಾಡಲು ಹೋದರೆ 'ಇನ್ನೇನು ಬಂತು' ಅನ್ನುವವರೇ ಗೆಲ್ಲುತ್ತಾರೆ. ಮಗುವಿಗೆ ಒಂದು ಲೀಟರ್ ನೀರು, ದೊಡ್ಡವರಿಗೆ ಎರಡು. ಬುತ್ತಿಗೆ ಅಕ್ಕಿ ರೊಟ್ಟಿ ಆರಿದ ಮೇಲೆ ಗಟ್ಟಿಯಾಗುತ್ತದೆ, ಮಕ್ಕಳು ತಿನ್ನುವುದಿಲ್ಲ. ಹೋಂಸ್ಟೇಯವರಿಗೆ ಚಪಾತಿ ಅಥವಾ ಚಿತ್ರಾನ್ನ ಮಾಡಿಕೊಡಲು ಹೇಳಿ. ಜೊತೆಗೆ ಕಡಲೆ ಚಿಕ್ಕಿ, ಓಆರ್‌ಎಸ್ ಪೊಟ್ಟಣ.

ಪೆಟ್ಟಾಗುವುದು ಹೆಚ್ಚಾಗಿ ಇಳಿಯುವಾಗ. ಜನವರಿಯ ನಂತರ ದಾರಿಯ ಮಣ್ಣು ಒಣಗಿ ಸಣ್ಣ ಕಲ್ಲುಗಳು ಗೋಲಿಯ ಹಾಗೆ ಉರುಳುತ್ತವೆ, ಓಡಿ ಇಳಿಯುವ ಮಕ್ಕಳು ಕೈಯೂರಿ ಬೀಳುತ್ತಾರೆ. ಒಬ್ಬ ದೊಡ್ಡವರು ಎಲ್ಲರಿಗಿಂತ ಮುಂದೆ, ಒಬ್ಬರು ಎಲ್ಲರಿಗಿಂತ ಹಿಂದೆ, ನಡುವೆ ಮಕ್ಕಳು. ಮುಂದಿನವರನ್ನು ಯಾವ ಮಗುವೂ ದಾಟಬಾರದು. ಕಾಲುಗುರು ಕತ್ತರಿಸದೆ ಬಂದರೆ ಇಳಿಜಾರಿನಲ್ಲಿ ಶೂ ತುದಿಗೆ ಒತ್ತಿ ನೀಲಿಗಟ್ಟುತ್ತದೆ.

ಮಳೆಗಾಲದಲ್ಲಿ ಇಲ್ಲಿ ಇಂಬಳಗಳ ರಾಜ್ಯ. ಹತ್ತಿದ ಇಂಬಳವನ್ನು ಎಳೆದು ಕೀಳಬೇಡಿ, ಉಗುರನ್ನು ಅದರ ಬಾಯಿಯಡಿ ಜಾರಿಸಿ ಬಿಡಿಸಿ, ಆಮೇಲೆ ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಹರಿಯುತ್ತಲೇ ಇರುತ್ತದೆ. ಅಪಾಯವಿಲ್ಲ, ಆದರೆ ಬಿಳಿ ಸಾಕ್ಸ್ ಕೆಂಪಾದದ್ದು ಕಂಡರೆ ಮಕ್ಕಳು ಹೆದರುತ್ತಾರೆ. ಗಾಢ ಬಣ್ಣದ ಸಾಕ್ಸ್ ಹಾಕಿ. ಚೇಲಾವರ ಜಲಪಾತ ಹತ್ತಿರದಲ್ಲೇ ಇದೆ, ನೋಡಿ ಬನ್ನಿ, ನೀರಿಗೆ ಮಾತ್ರ ಇಳಿಸಬೇಡಿ. ಅಲ್ಲಿನ ಮಡುವಿನಲ್ಲಿ ಜೀವ ಹೋಗಿವೆ. ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಆನೆ ಬರುತ್ತದೆ, ಸಂಜೆ ಆರರೊಳಗೆ ಹೋಂಸ್ಟೇ ಸೇರಿ.

ಕುದುರೆಮುಖ: ಚೆಂದ, ಆದರೆ ಇನ್ನೆರಡು ವರ್ಷ ಕಾಯಿರಿ

ಸಂಸೆಯಿಂದ ಜೀಪಿನಲ್ಲಿ ಮುಳ್ಳೋಡಿ, ಅಲ್ಲಿಂದ ಹೋಗಿ ಬರಲು 18ರಿಂದ 20 ಕಿ.ಮೀ. ನಡಿಗೆ. ಮೇಲಿನ ಲೆಕ್ಕ ಹಾಕಿದರೆ ಎಂಟು ವರ್ಷದ ಮಗುವಿಗೆ ಹತ್ತು ಹನ್ನೊಂದು ಗಂಟೆ. ಇದು ರಾಷ್ಟ್ರೀಯ ಉದ್ಯಾನ. ಇಲಾಖೆಯ ಅನುಮತಿ, ಗೈಡ್, ಸಂಜೆಯೊಳಗೆ ಹೊರಬರುವ ನಿಯಮ ಎಲ್ಲವೂ ಇವೆ, ಇರಬೇಕಾದ್ದೂ ಹೌದು. ಆದರೆ ಒಬ್ಬರೇ ಗೈಡ್ ಇದ್ದರೆ ತಂಡ ಒಡೆಯುವ ಹಾಗಿಲ್ಲ: ಒಂದು ಮಗು ದಾರಿಯಲ್ಲಿ ಸಿಗುವ ಒಂಟಿಮರದ ಹತ್ತಿರ ಕೂತರೆ ಎಲ್ಲರೂ ಕೂರಬೇಕು. ಹೋಗಲೇಬೇಕೆಂದಿದ್ದರೆ ಗೈಡ್ ಇಬ್ಬರನ್ನು ಕೇಳಿ. ಎಲ್ಲ ಮಕ್ಕಳೂ ಹನ್ನೆರಡು ದಾಟಿದ ತಂಡಕ್ಕೆ ಮೂರರಲ್ಲಿ ಇದೇ ಮೇಲು, ಅದರಲ್ಲಿ ಅನುಮಾನವಿಲ್ಲ. ಹತ್ತರ ಆಸುಪಾಸಿನವರಿಗೆ ಅಲ್ಲೇ ಕುರಿಂಜಲ್ ಬೆಟ್ಟ ಇದೆ, ದೂರ ಕಮ್ಮಿ, ಬಹುಪಾಲು ಜೀಪು ದಾರಿ.

ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. ಉಣ್ಣೆ ಕಚ್ಚುವುದರಿಂದ ಬರುವಂಥದ್ದು. ಹೋಗುವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಹೋಂಸ್ಟೇಯವರಲ್ಲೋ ಆ ವರ್ಷದ ಪರಿಸ್ಥಿತಿ ವಿಚಾರಿಸಿ. ಪೂರ್ತಿ ತೋಳು, ಪ್ಯಾಂಟನ್ನು ಸಾಕ್ಸ್‌ನೊಳಗೆ ಸಿಕ್ಕಿಸುವುದು, ಒಣಗಿದ ಎಲೆಗಳ ಮೇಲೆ ಕೂರದಿರುವುದು, ಸಂಜೆ ಬಿಸಿನೀರಿನ ಸ್ನಾನದ ಹೊತ್ತಿಗೆ ಕಂಕುಳು, ಕಿವಿಯ ಹಿಂದೆ, ಸೊಂಟದ ಸುತ್ತ ಹುಡುಕಿ ನೋಡುವುದು. ವಾಪಸ್ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಯಾರಿಗೆ ಯಾವುದು

ಐದರಿಂದ ಹತ್ತರೊಳಗಿನ ಮಕ್ಕಳೇ ಹೆಚ್ಚಿದ್ದರೆ ಕಕ್ಕಬ್ಬೆ, ಅಕ್ಟೋಬರ್ ಕೊನೆಯಿಂದ ಜನವರಿಯೊಳಗೆ. ಫೆಬ್ರವರಿಯಿಂದ ಕಾಡುಕಿಚ್ಚಿನ ಭಯಕ್ಕೆ ಇಲಾಖೆ ಚಾರಣ ನಿಲ್ಲಿಸುವುದುಂಟು. ವಯಸ್ಸಿನ ಅಂತರ ದೊಡ್ಡದಿದ್ದರೆ, ಅಂದರೆ ಐದರವರೂ ಹದಿಮೂರರವರೂ ಕೂಡಿದ್ದರೆ, ಗಣೇಶಗುಡಿ. ರಾಫ್ಟ್ ಹತ್ತುವವರು, ದಡದಲ್ಲಿ ಕಯಾಕ್ ಆಡುವವರು ಅಂತ ಮೊದಲೇ ಹೆಸರು ಬರೆದಿಟ್ಟುಕೊಳ್ಳಿ. ದಡದಲ್ಲಿ ಉಳಿಯುವವರು ಪ್ರತಿ ಸಲ ಅಮ್ಮಂದಿರೇ ಆಗುವುದು ನಮ್ಮಲ್ಲಿ ಮಾಮೂಲು. ಚೀಟಿ ಎತ್ತಿ.

ಬುಕಿಂಗ್ ಸರದಿ ಹೀಗಿರಲಿ: ಮೊದಲು ಚಾರಣದ ಅನುಮತಿ, ಆಮೇಲೆ ವಸತಿ, ಕೊನೆಗೆ ಗಾಡಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ಸರ್ಕಾರ ಚಾರಣಗಳನ್ನು ಆನ್‌ಲೈನ್ ಬುಕಿಂಗ್‌ಗೆ ತಂದಿತು. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣ ಶುರುವಾದಾಗ ಇಟ್ಟ ಮಿತಿ ಒಂದು ದಾರಿಗೆ ದಿನಕ್ಕೆ 300 ಜನ, ಒಬ್ಬರು ತೆಗೆಯಬಹುದಾದ ಟಿಕೆಟ್ 10. ಹದಿನೈದು ಜನರ ತಂಡವೆಂದರೆ ಇಬ್ಬರು ಒಟ್ಟಿಗೆ ಕೂತು, ಮಕ್ಕಳ ಗುರುತಿನ ಚೀಟಿಯ ವಿವರವನ್ನೂ ಎದುರಿಗಿಟ್ಟುಕೊಂಡು ಮಾಡಬೇಕು. ಹೋಂಸ್ಟೇಯವರಿಗೆ ಮುಂಗಡ ಕಳಿಸುವ ಮುಂಚೆ ಮೂರು ಪ್ರಶ್ನೆ: ಎಷ್ಟು ವರ್ಷದವರೆಗೆ ಅರ್ಧ ದರ, ಮಳೆಗೆ ಇಲಾಖೆ ದಾರಿ ಮುಚ್ಚಿದರೆ ದಿನಾಂಕ ಬದಲಿಸುತ್ತೀರಾ, ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಜೀಪು ಯಾರದು. ಮೂರನೆಯದಕ್ಕೆ ತಡವರಿಸದೆ ಒಬ್ಬರ ಹೆಸರು, ಫೋನ್ ನಂಬರು ಹೇಳುವವರ ಮನೆಯನ್ನೇ ಹಿಡಿಯಿರಿ, ದರ ನೂರಿನ್ನೂರು ಜಾಸ್ತಿಯಾದರೂ.