ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ಕೇಂದ್ರ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಕುಡಿತ ಬಿಡಿಸಬೇಕು ಅಂದ ಕೂಡಲೇ ಕರ್ನಾಟಕದ ಯಾವ ಮೂಲೆಯಲ್ಲಾದರೂ ಬಾಯಿಗೆ ಬರುವ ಹೆಸರು ನಿಮ್ಹಾನ್ಸ್. ಬೆಂಗಳೂರಿನ ಹೊಸೂರು ರಸ್ತೆಯ ಈ ಆಸ್ಪತ್ರೆಯಲ್ಲಿ 1991ರಿಂದ ವ್ಯಸನಕ್ಕೆಂದೇ ಬೇರೆ ಘಟಕವಿದೆ. ಈಗ ಅದರ ಹೆಸರು ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್. ವೈದ್ಯಕೀಯವಾಗಿ ನೋಡಿದರೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಆದರೆ ಮನೆಯವರು ಬಯಸಿ ಬರುವುದು ಒಂದು, ಇಲ್ಲಿ ಕೊಡುವುದು ಇನ್ನೊಂದು. "ಮೂರು ತಿಂಗಳು ಒಳಗೆ ಹಾಕ್ಕೊಳ್ಳಿ ಸಾರ್, ಸರಿಹೋದ ಮೇಲೆ ಬಂದು ಕರ್ಕೊಂಡು ಹೋಗ್ತೀವಿ" ಎಂದುಕೊಂಡು ಬರುವವರು ನಿರಾಶರಾಗುತ್ತಾರೆ. ಇಲ್ಲಿ ದಾಖಲಾತಿ ಕೆಲವು ವಾರಗಳ ಮಾತು, ಚಿಕಿತ್ಸೆ ವರ್ಷಗಟ್ಟಲೆ. ಮನೆಯವರೊಬ್ಬರು ಜೊತೆಗಿರಬೇಕು. ಬೀಗ ಹಾಕಿ ಕೂಡಿಹಾಕುವ ಕೆಲಸ ಇವರದಲ್ಲ.

ಹೊರಡುವ ಮುಂಚೆಯೇ ಆಗುವ ಎಡವಟ್ಟು ಎಲ್ಲಕ್ಕಿಂತ ಅಪಾಯದ್ದು. "ದೊಡ್ಡ ಆಸ್ಪತ್ರೆಗೆ ಹೋಗ್ತಿದೀವಿ, ವಾಸನೆ ಬರಬಾರದು" ಎಂದು ಎರಡು ದಿನ ಮೊದಲೇ ಕುಡಿತ ನಿಲ್ಲಿಸಿ, ಕಲಬುರಗಿಯಿಂದಲೋ ಬೀದರಿನಿಂದಲೋ ರಾತ್ರಿ ಬಸ್ಸು ಹತ್ತಿಸುತ್ತಾರೆ. ವರ್ಷಗಟ್ಟಲೆ ದಿನವೂ ಕುಡಿದವರಲ್ಲಿ ಕೊನೆಯ ಗುಟುಕಿನ ಆರೆಂಟು ಗಂಟೆಗೇ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ದಿಕ್ಕು ತಪ್ಪುವುದು, ಯಾರೋ ಕೊಲ್ಲಲು ಬಂದರೆಂದು ಓಡುವುದು. ಇದನ್ನು ಹುಚ್ಚು ಎಂದೋ ಗಾಳಿ ಸೋಕಿದೆ ಎಂದೋ ತಿಳಿದು ಕಟ್ಟಿಹಾಕಿದ ಮನೆಗಳುಂಟು. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಹಾಗಾಗಿ ಮೊದಲು ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ನಡುಕಕ್ಕೆ ಮಾತ್ರೆ ಬರೆಸಿಕೊಂಡು, ಒಂದು ರೆಫರಲ್ ಚೀಟಿ ಹಿಡಿದು ಹೊರಡಿ. ಮನೆಯಲ್ಲಿ ತಾವಾಗಿಯೇ ಹಠಾತ್ತನೆ ನಿಲ್ಲಿಸುವ ಪ್ರಯೋಗ ಬೇಡ. ಹಿಂದೆ ಒಮ್ಮೆ ಫಿಟ್ಸ್ ಅಥವಾ ಸನ್ನಿ ಬಂದಿದ್ದರಂತೂ ಬೇಡವೇ ಬೇಡ.

ಇನ್ನೊಂದು ಊರಿನ ಅಭ್ಯಾಸ, ನಿತ್ರಾಣ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸುವುದು. ಊಟ ಬಿಟ್ಟು ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ತಳ ಕಂಡಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು: ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆ ನೆಟ್ಟಗೆ ಹೊರಳುವುದಿಲ್ಲ, ಮಾತು ಗೊಂದಲವಾಗುತ್ತದೆ. ತಡವಾದರೆ ನೆನಪಿನ ಶಕ್ತಿ ಹೋದದ್ದು ಮರಳುವುದು ಕಷ್ಟ. ಡ್ರಿಪ್ ಹಾಕುವಾಗ "ಬಿ1 ಇಂಜೆಕ್ಷನ್ ಕೊಟ್ಟಿದ್ದೀರಾ ಡಾಕ್ಟ್ರೇ" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನಿಮ್ಹಾನ್ಸ್‌ಗೆ ಬೆಳಿಗ್ಗೆ ಬೇಗ ತಲುಪಿ, ಇಡೀ ದಿನ ಅದಕ್ಕೇ ಎತ್ತಿಡಿ. ಫಿಟ್ಸ್, ಸನ್ನಿ, ಆತ್ಮಹತ್ಯೆಯ ಮಾತು ಇದ್ದರೆ ಓಪಿಡಿ ಸಾಲು ಹಿಡಿಯಬೇಡಿ, ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಕೈಯಲ್ಲಿ ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದು, ಹಳೆಯ ಚೀಟಿಗಳೆಲ್ಲ, ಈಗ ನುಂಗುತ್ತಿರುವ ಮಾತ್ರೆಯ ಖಾಲಿ ಪಟ್ಟಿಗಳು ಇರಲಿ. ಜೊತೆಗೆ ಬರುವವರು ಒಂದೇ ಮನೆಯಲ್ಲಿ ವಾಸಿಸುವವರಾಗಿರಬೇಕು. ಹಬ್ಬಕ್ಕೊಮ್ಮೆ ನೋಡುವ ಭಾವಮೈದುನನಿಗೆ ಅಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದಿಲ್ಲ. ಕೊನೆಯ ಬಾರಿ ಕುಡಿದ ಗಂಟೆ, ಬೆಳಿಗ್ಗೆ ಎದ್ದ ಕೂಡಲೇ ಬೇಕೋ ಹೇಗೆ, ರಕ್ತ ವಾಂತಿ ಆಗಿದೆಯೇ, ತಲೆಗೆ ಪೆಟ್ಟು ಬಿದ್ದಿದೆಯೇ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

"ಸ್ವಲ್ಪ ಕುಡೀತಾರೆ" ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಲೆಕ್ಕ ಹೀಗೆ: 42.8 ಶೇಕಡ ಆಲ್ಕೋಹಾಲ್ ಇರುವ ವಿಸ್ಕಿ, ರಮ್ಮು, ಬ್ರಾಂದಿಯ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್, ಅದು ಒಂದು ಯೂನಿಟ್. ಒಂದು ನೈಂಟಿ (90 ಎಂಎಲ್) ಎಂದರೆ 3, ಕ್ವಾರ್ಟರ್ (180 ಎಂಎಲ್) ಎಂದರೆ 6. ಬಿಯರ್ ಲೆಕ್ಕಕ್ಕಿಲ್ಲ ಎನ್ನುವವರು ಗಮನಿಸಿ, 8 ಶೇಕಡದ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ 4 ಯೂನಿಟ್ ಇದೆ.

ಇದು ಕಲಿಸುವ ಆಸ್ಪತ್ರೆ ಎನ್ನುವುದರ ಲಾಭವೂ ಕಿರಿಕಿರಿಯೂ ಇಲ್ಲಿಂದಲೇ ಶುರು. ಮೊದಲು ಮಾತಾಡುವವರು ಸಾಮಾನ್ಯವಾಗಿ ಪಿಜಿ ಡಾಕ್ಟರ್, ಅಂದರೆ ಇಲ್ಲೇ ಸ್ನಾತಕೋತ್ತರ ಓದುತ್ತಿರುವ ವೈದ್ಯರು. ಅವರು ಬಾಲ್ಯದಿಂದ ಹಿಡಿದು ನಿನ್ನೆ ರಾತ್ರಿಯವರೆಗೆ ಎಲ್ಲವನ್ನೂ ಕೇಳಿ ಬರೆಯುತ್ತಾರೆ, ಆಮೇಲೆ ಹಿರಿಯರ ಮುಂದೆ ಕೇಸ್ ಹೇಳುತ್ತಾರೆ, ಹಿರಿಯರು ಅವೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. "ಎಷ್ಟು ಸಲ ಹೇಳೋದು" ಎಂದು ರೇಗುವವರೇ ಹೆಚ್ಚು. ಆದರೆ ಎರಡನೇ ಸಲ ಕೇಳಿದಾಗಲೇ ಮುಚ್ಚಿಟ್ಟ ನಿದ್ದೆ ಮಾತ್ರೆಯೋ, ಹಳೆಯ ಆತ್ಮಹತ್ಯಾ ಪ್ರಯತ್ನವೋ ಹೊರಬರುವುದು. ಹತ್ತು ನಿಮಿಷದ ಖಾಸಗಿ ಭೇಟಿಯಲ್ಲಿ ಇಷ್ಟು ವಿವರ ಹುಟ್ಟುವುದಿಲ್ಲ. ಎಂಡಿ ಮನೋವೈದ್ಯಶಾಸ್ತ್ರದ ಮೇಲೆ ವ್ಯಸನಕ್ಕೇ ಮೀಸಲಾದ ಡಿಎಂ ಓದುವ ವೈದ್ಯರು, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂಫಿಲ್ ವಿದ್ಯಾರ್ಥಿಗಳು, ನರ್ಸ್‌ಗಳು ಒಂದೇ ಸೂರಿನಡಿ ಸಿಗುವುದೂ ಇಂಥ ಕಡೆ ಮಾತ್ರ. ಕಿರಿಕಿರಿಯ ಭಾಗ: ಪಿಜಿಗಳ ಪೋಸ್ಟಿಂಗ್ ಬದಲಾಗುತ್ತಿರುತ್ತದೆ. ಆರು ತಿಂಗಳ ಮೇಲೆ ಬಂದರೆ ಎದುರಿಗೆ ಹೊಸ ಮುಖ. ಆಗ ಕೈಹಿಡಿಯುವುದು ಫೈಲು. ಆಸ್ಪತ್ರೆ ನಂಬರು ಇರುವ ಪುಸ್ತಕ ಕಳೆದುಕೊಳ್ಳಬೇಡಿ, ಅದರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.

ವಾರ್ಡಿನ ಮೊದಲ ವಾರ, ಹತ್ತು ದಿನ ಮೈಯಿಂದ ವಿಷ ಇಳಿಸುವುದಕ್ಕೆ. ಡಯಜೆಪಾಮ್ ಅಥವಾ ಕ್ಲೋರ್‌ಡಯಜೆಪಾಕ್ಸೈಡ್, ಲಿವರ್ ಕೆಟ್ಟಿದ್ದರೆ ಲೋರಜೆಪಾಮ್. ನಡುಕ, ಬೆವರು, ಗಾಬರಿಯನ್ನು ಅಳೆದು ಡೋಸ್ ನಿಗದಿಮಾಡಿ ದಿನದಿಂದ ದಿನಕ್ಕೆ ಇಳಿಸುತ್ತಾರೆ. ಈ ಹಂತದಲ್ಲಿ ರೋಗಿ ಮಂಪರಿನಲ್ಲಿರುವುದನ್ನು ಕಂಡು "ಮಾತ್ರೆ ಕೊಟ್ಟು ಮಲಗಿಸಿಬಿಟ್ಟಿದ್ದಾರೆ" ಎಂದು ದೂರುವುದು ಸಾಮಾನ್ಯ. ಮಂಪರು ತರುವ ಆ ಮಾತ್ರೆಯೇ ಫಿಟ್ಸ್ ತಡೆಯುತ್ತಿರುತ್ತದೆ. ಅಪಾಯ ಇರುವುದು ಮನೆಗೆ ಹೋದ ಮೇಲೆ: ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಲೋರಜೆಪಾಮ್ ತಿಂಗಳುಗಟ್ಟಲೆ ಕೊಳ್ಳುವುದು. ಒಂದು ವ್ಯಸನ ಬಿಟ್ಟು ಇನ್ನೊಂದನ್ನು ಕಟ್ಟಿಕೊಂಡಂತೆ.

ಖಿನ್ನತೆಗೆ ಯಾಕೆ ತಕ್ಷಣ ಔಷಧಿ ಕೊಡುತ್ತಿಲ್ಲ ಎಂಬುದೂ ಮನೆಯವರ ಪ್ರಶ್ನೆ. ಕುಡಿತದಿಂದಲೇ ಬಂದ ಮಂಕು ನಿಲ್ಲಿಸಿದ ಎರಡು-ನಾಲ್ಕು ವಾರದಲ್ಲಿ ತಾನಾಗಿ ತಿಳಿಯಾಗುವುದುಂಟು. ಹಾಗೆಯೇ ಉಳಿದರೆ ಅದು ಬೇರೆಯದೇ ಕಾಯಿಲೆ. ಈ ಎರಡನ್ನೂ ಬೇರ್ಪಡಿಸಿ ನೋಡುವ ತಾಳ್ಮೆಯೇ ಈ ಕೇಂದ್ರದ ದೊಡ್ಡ ಗುಣ. ಬರೀ ಯೋಗ, ಪ್ರವಚನ, ಕೈದಿಯಂತೆ ಇಟ್ಟುಕೊಳ್ಳುವ ಕೆಲವು ಖಾಸಗಿ ವ್ಯಸನಮುಕ್ತಿ ಕೇಂದ್ರಗಳಲ್ಲಿ ತಪ್ಪಿಹೋಗುವುದೂ ಇದೇ.

ಆಮೇಲಿನ ಔಷಧಿಗಳಲ್ಲಿ ಆಯ್ಕೆಯಿದೆ. ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್ 50 ಎಂಜಿ ದಿನಕ್ಕೊಂದು, ಅಥವಾ ಅಕಾಂಪ್ರೊಸೇಟ್ 333 ಎಂಜಿ ಎರಡೆರಡರಂತೆ ಮೂರು ಹೊತ್ತು. ಎರಡನೆಯದು ಲಿವರಿಗೆ ಹಗುರ, ಕಿಡ್ನಿ ಸರಿಯಿರಬೇಕು. ದಿನಕ್ಕೆ ಆರು ಮಾತ್ರೆ ಎಂದು ಜನ ಮಧ್ಯಾಹ್ನದ್ದನ್ನು ಬಿಡುತ್ತಾರೆ. ಡೈಸಲ್ಫಿರಾಮ್ ಬೇರೆ ಜಾತಿ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯಬಹುದು. ನಿಲ್ಲಿಸಿ ಎರಡು ವಾರದವರೆಗೂ ಅದರ ಪ್ರಭಾವ ಇರಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ, ಮನೆಯವರ ಕಣ್ಣೆದುರು ನುಂಗಿಸಿದರೆ ಒಳ್ಳೆಯ ಔಷಧಿ. ಸಾರಿನಲ್ಲಿ ಗುಟ್ಟಾಗಿ ಬೆರೆಸಿದರೆ ಕೊಲೆಗೆ ಹತ್ತಿರ. "ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ" ಎಂದು ಮಾರುವವರ ಹತ್ತಿರ ಹೋಗುವ ಮುನ್ನ ಇದು ನೆನಪಿರಲಿ. ಡೈಸಲ್ಫಿರಾಮ್ ಮೇಲಿರುವವರು ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪನ್ನೂ ಮುಟ್ಟಬಾರದು.

ಹೊಗೆಸೊಪ್ಪು, ಗುಟ್ಕಾಕ್ಕೆ ನಿಕೋಟಿನ್ ಗಮ್ ಕೊಡುತ್ತಾರೆ. ಎದ್ದ ಅರ್ಧ ಗಂಟೆಯೊಳಗೆ ಬೇಕೆನಿಸುವವರಿಗೆ 4 ಎಂಜಿ, ಉಳಿದವರಿಗೆ 2. ಎಲೆಅಡಿಕೆ ಜಗಿದಂತೆ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬಂದು ಎರಡೇ ದಿನಕ್ಕೆ ಬಿಡುತ್ತಾರೆ. ನಾಲ್ಕಾರು ಸಲ ಜಗಿದು, ಚುರುಚುರು ಎಂದಾಗ ಕೆನ್ನೆಯ ಒಳಗೆ ಒತ್ತರಿಸಿಡಬೇಕು, ಚುರುಕು ಇಳಿದಾಗ ಮತ್ತೆ ಜಗಿಯಬೇಕು, ಹೀಗೆ ಅರ್ಧ ಗಂಟೆ. ಕಾಫಿ ಕುಡಿದ ಕಾಲು ಗಂಟೆಯೊಳಗೆ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬೆಂಗಳೂರಿಗೆ ಬರಲಾಗದವರಿಗೆ ತಂಬಾಕು ಬಿಡಲು ಫೋನಿನಲ್ಲೇ ನೆರವಾಗುವ 1800-11-2356 ಕ್ವಿಟ್‌ಲೈನ್ ಉಚಿತ, ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ.

ಗಾಂಜಾ ವಿಷಯದಲ್ಲಿ ತಂದೆತಾಯಿಗೆ ಎರಡು ಮಾತು. ದಿನವೂ ಸೇದುತ್ತಿದ್ದವರ ಮೂತ್ರ ಪರೀಕ್ಷೆ ಬಿಟ್ಟ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದು. ಆ ಒಂದು ಚೀಟಿ ಹಿಡಿದು ಮಗನನ್ನು ಸುಳ್ಳುಗಾರ ಮಾಡಬೇಡಿ. ಪೊಲೀಸರ ಭಯವೇ? ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣದಲ್ಲಿ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ.

ಕಾನೂನಿನ ಕಡೆಯಿಂದ ನಿರಾಸೆ ಆಗುವುದು ಮನೆಯವರಿಗೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಸೆಕ್ಷನ್ 86ರಂತೆ ಒಪ್ಪಿ ಸೇರಿದ ರೋಗಿ ಹೋಗುತ್ತೇನೆ ಎಂದರೆ ಬಿಡಬೇಕು. ಪರಿಸ್ಥಿತಿ ಅಳೆಯಲು ವೈದ್ಯರು ಹೆಚ್ಚೆಂದರೆ 24 ಗಂಟೆ ತಡೆಯಬಹುದು. ಒಪ್ಪಿಗೆಯಿಲ್ಲದೆ ಸೇರಿಸುವುದು ಸೆಕ್ಷನ್ 89ರಲ್ಲಿದೆ, 30 ದಿನದವರೆಗೆ. ಆದರೆ ಕಾಯಿಲೆಯಿಂದ ತನಗೋ ಇತರರಿಗೋ ಅಪಾಯ ಮಾಡುವಂತಿರಬೇಕು ಅಥವಾ ತನ್ನನ್ನು ನೋಡಿಕೊಳ್ಳಲಾಗದಂತಿರಬೇಕು, ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರೋ ವೈದ್ಯರೋ ಬೇರೆಬೇರೆಯಾಗಿ ನೋಡಿ ಒಪ್ಪಬೇಕು. ಸಂಬಳವೆಲ್ಲ ಕುಡಿಯುತ್ತಾನೆ ಎಂಬುದೊಂದೇ ಸಾಲದು. ನ್ಯಾಯವಾಗಿ ನೋಡಿದರೆ ಇದೇ ಸರಿ.

ಖರ್ಚು ಖಾಸಗಿಗೆ ಹೋಲಿಸಿದರೆ ತೀರಾ ಕಡಿಮೆ, ಬಿಪಿಎಲ್ ಕುಟುಂಬಗಳಿಗೆ ರಿಯಾಯಿತಿಯುಂಟು. ನಿಜವಾದ ಖರ್ಚು ಜೊತೆಗಿರುವವರ ಕೂಲಿ. ಎರಡು-ಮೂರು ವಾರ ಹೆಂಡತಿಯೋ ತಮ್ಮನೋ ಕೆಲಸ ಬಿಟ್ಟು ಕೂರಬೇಕು, ಮನೆಯಲ್ಲಿ ಮಕ್ಕಳನ್ನು ನೋಡುವವರು ಬೇಕು. ಇದರ ವ್ಯವಸ್ಥೆ ಆಗದೆ ಅರ್ಧಕ್ಕೇ ಡಿಸ್ಚಾರ್ಜ್ ಕೇಳುವವರಿದ್ದಾರೆ. ಅಂಥವರು ಸಮಾಜಕಾರ್ಯದವರ ಹತ್ತಿರ ಮೊದಲ ದಿನವೇ ಬಾಯಿಬಿಟ್ಟು ಹೇಳುವುದು ಲೇಸು. ಎಲ್ಲರಿಗೂ ದಾಖಲಾತಿ ಬೇಕೆಂದೂ ಇಲ್ಲ, ಫಿಟ್ಸ್ ಇತಿಹಾಸವಿಲ್ಲದ, ಮನೆಯಲ್ಲಿ ನೋಡಿಕೊಳ್ಳುವವರಿರುವ ಅನೇಕರಿಗೆ ಓಪಿಡಿಯಲ್ಲೇ ನಡೆಯುತ್ತದೆ.

ದೂರದವರಿಗೆ ನನ್ನ ಸಲಹೆ: ರೋಗನಿರ್ಣಯ, ಜಟಿಲ ಕೇಸು, ಲಿವರೂ ಮನಸ್ಸೂ ಎರಡೂ ಕೆಟ್ಟಾಗ ನಿಮ್ಹಾನ್ಸ್, ತಿಂಗಳ ತಿಂಗಳ ಫಾಲೋಅಪ್ ಹತ್ತಿರದಲ್ಲೇ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಡಿಸ್ಚಾರ್ಜ್ ಸಾರಾಂಶದ ಜೊತೆ ಅವರಿಗೊಂದು ಪತ್ರ ಬರೆಸಿಕೊಳ್ಳಿ. ಬರೆದ ಮಾತ್ರೆ ಊರಿನ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಬೆಂಗಳೂರು ಬಿಡುವ ಮುನ್ನವೇ ಫೋನಿನಲ್ಲಿ ವಿಚಾರಿಸಿ; ಅಕಾಂಪ್ರೊಸೇಟ್ ಎಲ್ಲ ಕಡೆ ಇರುವುದಿಲ್ಲ.

ಬಿಟ್ಟ ಮೇಲೆ ನಿದ್ದೆ ಬಾರದಿರುವುದು ವಾರಗಳಲ್ಲ, ತಿಂಗಳುಗಳೇ ಕಾಡಬಹುದು. ಎಷ್ಟೋ ಮಂದಿ ಮತ್ತೆ ಬಾಟಲಿ ಹಿಡಿಯುವುದು "ಒಂದು ರಾತ್ರಿ ಮಲಗಿದರೆ ಸಾಕು" ಎಂಬ ಕಾರಣಕ್ಕೇ. ಇದನ್ನು ಫಾಲೋಅಪ್‌ನಲ್ಲಿ ಹೇಳಿದರೆ ಚಟವಾಗದ ಔಷಧಿ ಕೊಡುತ್ತಾರೆ. ಒಂದು ದಿನ ಕುಡಿದುಬಿಟ್ಟರೆ ಮುಂದಿನ ತಾರೀಕಿನವರೆಗೆ ಕಾಯಬೇಡಿ, ಬೈಯುತ್ತಾರೆಂದು ತಪ್ಪಿಸಿಕೊಳ್ಳಲೂ ಬೇಡಿ. ಮರುದಿನವೇ ಓಪಿಡಿಗೆ ಹೋಗಿ, ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ, ಡೈಸಲ್ಫಿರಾಮ್ ನುಂಗಿ ಎಷ್ಟು ದಿನವಾಯಿತು, ಈ ಮೂರನ್ನು ಮೊದಲು ಹೇಳಿ.